ಡಿಜಿಟಲ್ ತಕ್ಕಡಿ ಯಾವಾಗಲೂ ‘ಆಕ್ಯುರೇಟ್’ ಆಗಿರುತ್ತದೆಯೇ?

“ಡಿಜಿಟಲ್ ಅಲ್ವಾ, ಆಕ್ಯುರೇಟ್ ಆಗೇ ಇರುತ್ತೆ ಬಿಡಿ.” ತರಕಾರಿ ಅಂಗಡಿಯಲ್ಲಿ ಈ ಮಾತು ನೀವೂ ಕೇಳಿರಬಹುದು. ಇದು ನಿಜವೇ?

ಆಕ್ಯುರೇಟ್ ಎಂದರೇನು?
ನಿಜವಾದ ಅಳತೆಗೆ ಹತ್ತಿರವಾಗಿರುವುದು. ಕನ್ನಡದಲ್ಲಿ ‘ನಿಖರ’. ಪದೇ ಪದೇ ಅಳೆದರೂ ಒಂದೇ ಅಂಕಿ ಬರುವುದು ಬೇರೆ ಗುಣ; ಅದಕ್ಕೆ ಪ್ರಿಸಿಶನ್ ಎನ್ನುತ್ತಾರೆ.

ಉದಾಹರಣೆ ನೋಡಿ
ಯಶವಂತಪುರ ಎಪಿಎಂಸಿಗೆ ಈರುಳ್ಳಿ ತರಲು ಹೋಗಿದ್ದೀರಿ ಎಂದುಕೊಳ್ಳಿ. 1 ಕೆ.ಜಿ.ಯ ಬಟ್ಟು ಇಟ್ಟರೆ ತಕ್ಕಡಿ ಮೂರು ಸಲವೂ 1.050 ತೋರಿಸಿತು. ಪ್ರಿಸಿಶನ್ ಇದೆ, ಆದರೆ ಆಕ್ಯುರೇಟ್ ಅಲ್ಲ. ತಪ್ಪು ಇದೇ ಪ್ರಮಾಣದಲ್ಲಿದ್ದರೆ, 20 ಕೆ.ಜಿ. ಎಂದು ತೋರಿಸಿದ ಮೂಟೆಯಲ್ಲಿ ಸುಮಾರು 950 ಗ್ರಾಂ ಕಡಿಮೆ ಇರುತ್ತದೆ. ದಶಮಾಂಶದ ಮುಂದೆ ಮೂರು ಅಂಕಿ ಇದ್ದ ಮಾತ್ರಕ್ಕೆ ತೂಕ ಸರಿ ಎಂದಲ್ಲ.

ಮನೆಯ ಗ್ಲುಕೋಮೀಟರ್ ಕೂಡ ಹಾಗೆಯೇ
ಐಎಸ್‌ಒ 15197 ಮಾನದಂಡದ ಪ್ರಕಾರ, ನಿಜವಾದ ಸಕ್ಕರೆ ಮಟ್ಟ 200 ಇದ್ದಾಗ 170ರಿಂದ 230ರ ಒಳಗಿನ ಅಂಕಿಯನ್ನು ಒಪ್ಪಬಹುದು. ಹಾಗಾಗಿ ನಿನ್ನೆ 200, ಇಂದು 210 ಬಂತೆಂದು ಗಾಬರಿಯಾಗಿ ನೀವೇ ಮಾತ್ರೆಯ ಪ್ರಮಾಣ ಬದಲಿಸಬೇಡಿ, ವೈದ್ಯರನ್ನು ಕೇಳಿ.

ನೀವೇನು ಮಾಡಬಹುದು?
• ಖಾಲಿ ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ ನೋಡಿ.
• ಕಾನೂನು ಮಾಪನ ಇಲಾಖೆಯ ಮುದ್ರೆ ಇದೆಯೇ ಗಮನಿಸಿ.
• ಅನುಮಾನವಿದ್ದರೆ ಬಟ್ಟು ಇಟ್ಟು ತೋರಿಸಲು ಹೇಳಿ.
• ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಮುಂದಿನ ಸಲ ‘100% ಆಕ್ಯುರೇಟ್’ ಎಂಬ ಫಾರ್ವರ್ಡ್ ಬಂದರೆ, ಹಂಚುವ ಮೊದಲು ಒಂದೇ ಪ್ರಶ್ನೆ ಕೇಳಿ: ಯಾವುದಕ್ಕೆ ಹೋಲಿಸಿ?