ಡೀಸೆಲ್ ಟ್ಯಾಂಕಿನ ತಳದ ನೀರು

ಡೀಸೆಲ್ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟು ಮೂರೂ ಬೆಳೆಯುತ್ತವೆ. ಅವುಗಳ ಊಟ ಡೀಸೆಲ್, ವಾಸ ಮಾತ್ರ ನೀರಿನಲ್ಲಿ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುವುದರಿಂದ, ಟ್ಯಾಂಕಿನೊಳಗೆ ಸೇರಿದ ನೀರೆಲ್ಲ ತಳಕ್ಕಿಳಿದು ನಿಲ್ಲುತ್ತದೆ. ಮೇಲೆ ಎಣ್ಣೆ, ಕೆಳಗೆ ನೀರು. ಇವೆರಡೂ ಕೂಡುವ ಗೆರೆಯಲ್ಲೇ ಈ ಜೀವಿಗಳು ಬೀಡುಬಿಡುತ್ತವೆ. ಒಂದು ಬ್ಯಾಕ್ಟೀರಿಯಾದ ಉದ್ದ ಒಂದೆರಡು ಮೈಕ್ರಾನ್ ಅಷ್ಟೆ. ಒಂದೇ ಒಂದು ಮಿಲಿಮೀಟರ್ ದಪ್ಪದ ನೀರಿನ ಪದರವೂ ಅದಕ್ಕೆ ತನ್ನ ಮೈಯ ನೂರಾರು ಪಟ್ಟು ಆಳ. ನೀರೇ ಇಲ್ಲದ ಡೀಸೆಲ್‌ನಲ್ಲಿ ಅವು ಸುಪ್ತವಾಗಿ ಉಳಿದುಕೊಳ್ಳಬಹುದೇ ಹೊರತು ಬೆಳೆಯಲಾರವು.

ರಸ್ತೆಗಿಳಿಯುವ ವಾಹನಗಳ ಪೈಕಿ ಈ ಕಾಟಕ್ಕೆ ಹೆಚ್ಚು ಸಿಕ್ಕಿಬೀಳುವುದು ಮೋಟರ್‌ಹೋಮ್. ಅಡುಗೆಮನೆ, ಹಾಸಿಗೆ, ಬಚ್ಚಲನ್ನೆಲ್ಲ ಹೊತ್ತು ಪ್ರವಾಸ ಹೋಗುವ ಈ ಮನೆಗಾಡಿಗಳು ಯುರೋಪಿನಲ್ಲಿ ಹೆಚ್ಚಾಗಿ ಫಿಯೆಟ್ ಡುಕಾಟೊದಂಥ ವ್ಯಾನುಗಳ ಚಾಸಿಯ ಮೇಲೆ ಕಟ್ಟಿದವು; ಅವುಗಳ ಟ್ಯಾಂಕು ಸಾಮಾನ್ಯವಾಗಿ 100 ಲೀಟರಿನೊಳಗೆ. ಅಮೆರಿಕದಲ್ಲಿ ಎಂಜಿನ್ ಹಿಂಬದಿಗಿರುವ, ಬಸ್ಸಿನಷ್ಟು ದೊಡ್ಡ ಮಾದರಿಗಳಿಗೆ 300-400 ಲೀಟರ್ ಹಿಡಿಯುವ ಟ್ಯಾಂಕು ಇರುತ್ತದೆ. ದೂರದೂರಿಗೆ ಸರಕು ಹೊರುವ ಲಾರಿ ಎರಡು ಮೂರು ದಿನಕ್ಕೊಮ್ಮೆ ಟ್ಯಾಂಕು ಬರಿದು ಮಾಡಿ ಹೊಸ ಡೀಸೆಲ್ ತುಂಬಿಸಿಕೊಳ್ಳುತ್ತದೆ. ಮೋಟರ್‌ಹೋಮ್ ಹಾಗಲ್ಲ. ಚಳಿ ಶುರುವಾಗುವಾಗ ಶೆಡ್ ಸೇರಿದರೆ ಮತ್ತೆ ಹೊರಬರುವುದು ವಸಂತದಲ್ಲಿ. ಅಷ್ಟೂ ಕಾಲ ಅದೇ ಡೀಸೆಲ್ ಅದೇ ಟ್ಯಾಂಕಿನಲ್ಲಿ ಅಲುಗದೆ ನಿಂತಿರುತ್ತದೆ. ಅಲುಗದ ಎಣ್ಣೆಯೂ ತಳದ ನೀರೂ ಜೊತೆಯಾದರೆ ಬೂಷ್ಟಿಗೆ ಇನ್ನೇನೂ ಬೇಕಿಲ್ಲ.

ಕಲ್ಲೆಣ್ಣೆಯಿಂದ ಬಂದ ಪದಾರ್ಥವನ್ನು ಜೀವಿಗಳು ತಿನ್ನಬಲ್ಲವು ಎಂಬ ಅರಿವು ಮೋಟರ್‌ಹೋಮಿಗಿಂತ ಬಹಳ ಹಳೆಯದು. ಬೂಷ್ಟು ಪ್ಯಾರಾಫಿನ್ ಮೇಣದ ಮೇಲೂ ದಾಳಿ ಮಾಡುತ್ತದೆ ಎಂದು ಜಪಾನಿನ ಸಸ್ಯವಿಜ್ಞಾನಿ ಮಿಯೋಶಿ 1895ರಲ್ಲೇ ವರದಿ ಮಾಡಿದ್ದರು. ಹಾಲೆಂಡಿನ ಸೋಂಗೆನ್ 1913ರಲ್ಲಿ ಇನ್ನೂ ಮುಂದೆ ಹೋಗಿ, ಪೆಟ್ರೋಲಿಯಂ ಮತ್ತು ಪ್ಯಾರಾಫಿನ್ ಎಣ್ಣೆಗಳನ್ನೇ ಆಹಾರವಾಗಿ ಬಳಸುವ ಬ್ಯಾಕ್ಟೀರಿಯಾಗಳನ್ನು ತೋರಿಸಿದರು. ಅಮೆರಿಕದ ಸಾಗರ ಸೂಕ್ಷ್ಮಜೀವಿ ವಿಜ್ಞಾನಿ ಕ್ಲಾಡ್ ಜೋಬೆಲ್ 1946ರಲ್ಲಿ ಅಷ್ಟರವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಬರೆದಾಗ, ಈ ಶಕ್ತಿ ಪ್ರಕೃತಿಯಲ್ಲಿ ಎಷ್ಟು ವ್ಯಾಪಕವೆಂಬುದು ಸ್ಪಷ್ಟವಾಯಿತು. ಆದರೂ ಇಂಧನ ಮಾರುವವರಾಗಲಿ ಎಂಜಿನ್ ಕಟ್ಟುವವರಾಗಲಿ ಇದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಪ್ರಯೋಗಶಾಲೆಯ ಕುತೂಹಲ ಕಾರ್ಖಾನೆಯ ಚಿಂತೆಯಾಗಲು ಜೆಟ್ ವಿಮಾನಗಳೇ ಬರಬೇಕಾಯಿತು.

1950ರ ದಶಕದಲ್ಲಿ ಅಮೆರಿಕದ ವಾಯುಪಡೆ ಸೀಮೆಎಣ್ಣೆ ಬೆರೆತ ಜೆಟ್ ಇಂಧನವನ್ನು ದೊಡ್ಡ ಪ್ರಮಾಣದಲ್ಲಿ ಬಳಸತೊಡಗಿತ್ತು. ಹೊಸ ವಿಮಾನಗಳಲ್ಲಿ ರೆಕ್ಕೆಯ ಒಳಗೋಡೆಯೇ ಟ್ಯಾಂಕಿನ ಗೋಡೆ. ಎತ್ತರದ ಚಳಿಯಲ್ಲಿ ಇಂಧನದೊಳಗೆ ಕರಗಿದ್ದ ನೀರು ಹನಿಗಟ್ಟಿ ತಗ್ಗಿನಲ್ಲಿ ಶೇಖರವಾಗುತ್ತಿತ್ತು, ನೆಲಕ್ಕಿಳಿದು ಬೆಚ್ಚಗಾದೊಡನೆ ಅಲ್ಲಿ ಜೀವ ಚಿಗುರುತ್ತಿತ್ತು. ಫಿಲ್ಟರುಗಳು ಕಂದು ಲೋಳೆಯಿಂದ ಕಟ್ಟಿಕೊಂಡವು, ಇಂಧನ ಮಟ್ಟ ತೋರಿಸುವ ಮಾಪಕಗಳು ತಪ್ಪು ಹೇಳತೊಡಗಿದವು, ಅಲ್ಯೂಮಿನಿಯಂ ಗೋಡೆಗಳಲ್ಲಿ ಗುಳಿ ಬಿತ್ತು. ಮುಖ್ಯ ಅಪರಾಧಿ ಹಾರ್ಮೋಕೋನಿಸ್ ರೆಸಿನೇ ಎಂಬ ಬೂಷ್ಟು. ಕ್ರಿಯೋಸೋಟ್ ಎಣ್ಣೆ ಹಚ್ಚಿ ಕಾಪಿಟ್ಟ ಮರದ ಕಂಬಗಳನ್ನೂ ಬಿಡದ ಗಟ್ಟಿ ಜೀವ ಅದು. 1960ರ ದಶಕದ ಆರಂಭದಲ್ಲಿ, ಇಂಧನದ ನೀರು ಹೆಪ್ಪುಗಟ್ಟದಿರಲೆಂದು ಗ್ಲೈಕಾಲ್ ಈಥರ್ ಜಾತಿಯ ರಾಸಾಯನಿಕವೊಂದನ್ನು ಜೆಟ್ ಇಂಧನಕ್ಕೆ ಬೆರೆಸಿದರು. ಅದು ತಳದ ನೀರಿಗೆ ಇಳಿದು ಬೂಷ್ಟನ್ನೂ ಅಡಗಿಸಿತು. ಹಿಮಕ್ಕೆ ಹಾಕಿದ ಮದ್ದು ಬೂಷ್ಟಿಗೂ ನಾಟಿದ ಈ ಅನುಭವದ ಜೊತೆಗೆ, ಆ ದಶಕದಲ್ಲೇ ಇಂಧನಕ್ಕೆಂದೇ ತಯಾರಾದ ಜೀವನಾಶಕಗಳೂ ಬಂದವು.

ಡೀಸೆಲ್ ವಾಹನಗಳಲ್ಲಿ ಇದೇ ಕಾಟ ಹೆಚ್ಚಿದ್ದು ಇತ್ತೀಚಿನ ದಶಕಗಳಲ್ಲಿ. ಅದಕ್ಕೆ ಕಾರಣವಾದ ಬದಲಾವಣೆಗಳು ಒಂದೊಂದೂ ಒಳ್ಳೆಯ ಉದ್ದೇಶದವೇ. ಹೊಗೆ ಶುದ್ಧಿಗೊಳಿಸುವ ಸಾಧನಗಳು ಗಂಧಕದಿಂದ ಕೆಡುವುದರಿಂದ ಡೀಸೆಲ್‌ನ ಗಂಧಕ ಇಳಿಸಲೇಬೇಕಾಯಿತು. ಅಮೆರಿಕದಲ್ಲಿ ರಸ್ತೆ ವಾಹನಗಳ ಡೀಸೆಲ್‌ಗೆ 1993ರಲ್ಲಿ 500 ಪಿಪಿಎಂ ಇದ್ದ ಮಿತಿ 2006ರಿಂದ 15ಕ್ಕೆ ಇಳಿಯಿತು. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಇಂತಿಷ್ಟು ಪಾಲು. ಯುರೋಪು 2009ರಲ್ಲಿ 10 ಪಿಪಿಎಂಗೆ ಬಂತು, ಭಾರತ ಬಿಎಸ್-6ರೊಂದಿಗೆ 2020ರ ಏಪ್ರಿಲ್ 1ರಿಂದ ಅದೇ ಮಟ್ಟ ಮುಟ್ಟಿತು. ಗಂಧಕವೇ ಬೂಷ್ಟನ್ನು ತಡೆಯುತ್ತಿತ್ತು ಎಂಬ ಮಾತು ಎಲ್ಲೆಡೆ ಓಡಾಡುತ್ತದಾದರೂ ಅದನ್ನು ಪೂರ್ತಿ ಒಪ್ಪುವಂತಿಲ್ಲ. ಗಂಧಕ ಧಾರಾಳವಾಗಿದ್ದ ಕಾಲದಲ್ಲೂ ಟ್ಯಾಂಕುಗಳು ಕೆಟ್ಟಿವೆ. ಗಂಧಕ ತೆಗೆಯಲು ಎಣ್ಣೆಯನ್ನು ಹೈಡ್ರೋಜನ್ ಜೊತೆ ಸಂಸ್ಕರಿಸುವಾಗ, ಜೀವಿಗಳಿಗೆ ಅಷ್ಟಾಗಿ ಒಗ್ಗದ ಇತರ ಘಟಕಗಳೂ ಕಡಿಮೆಯಾಗುತ್ತವೆ ಎಂಬುದು ಹೆಚ್ಚು ಸಮಂಜಸವಾದ ವಿವರಣೆ.

ಅದಕ್ಕಿಂತ ದೊಡ್ಡ ಕಾರಣ ಬಯೋಡೀಸೆಲ್. ಯುರೋಪಿನ ಇಎನ್ 590 ಮಾನದಂಡ ಈಗ ಡೀಸೆಲ್‌ನಲ್ಲಿ ಶೇ 7ರವರೆಗೆ, ಅಮೆರಿಕದ ಮಾನದಂಡ ಶೇ 5ರವರೆಗೆ ಬಯೋಡೀಸೆಲ್ ಬೆರೆಸಲು ಬಿಡುತ್ತದೆ. ಸಸ್ಯದ ಎಣ್ಣೆ ಇಲ್ಲವೇ ಪ್ರಾಣಿಯ ಕೊಬ್ಬಿನಿಂದ ಆಗುವ ಈ ಎಸ್ಟರುಗಳು ಸೂಕ್ಷ್ಮಜೀವಿಗಳಿಗೆ ಖನಿಜ ಡೀಸೆಲ್‌ಗಿಂತ ಬೇಗ ಜೀರ್ಣವಾಗುತ್ತವೆ. ನೀರಿನ ಲೆಕ್ಕವಂತೂ ಇನ್ನೂ ಮುಖ್ಯ. ಖನಿಜ ಡೀಸೆಲ್ ಸಾಧಾರಣ ಉಷ್ಣತೆಯಲ್ಲಿ 50ರಿಂದ 100 ಪಿಪಿಎಂ ನೀರನ್ನು ಕರಗಿಸಿಕೊಂಡರೆ ಶುದ್ಧ ಬಯೋಡೀಸೆಲ್ ಅದರ ಹತ್ತು ಪಟ್ಟಿಗೂ ಹೆಚ್ಚು ಹೀರಬಲ್ಲದು. ಹಗಲಿನ ಬಿಸಿಯಲ್ಲಿ ಕರಗಿದ ನೀರು ರಾತ್ರಿಯ ಚಳಿಗೆ ಬೇರೆಯಾಗಿ ತಳ ಸೇರುತ್ತದೆ.

ಬಂಕುಗಳ ನೆಲದಡಿಯ ಡೀಸೆಲ್ ಟ್ಯಾಂಕುಗಳ ಸ್ಥಿತಿಯೇ ಹೇಗಿದೆಯೆಂಬುದನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಪರೀಕ್ಷಿಸಿದ 42 ಟ್ಯಾಂಕುಗಳಲ್ಲಿ ಶೇ 83ರಷ್ಟರ ಒಳಗೆ ಮಧ್ಯಮ ಅಥವಾ ತೀವ್ರ ತುಕ್ಕು ಕಂಡಿತ್ತು. ಮುಂಚೆಯೇ ಅದನ್ನು ತಿಳಿದಿದ್ದ ಮಾಲೀಕರು ನಾಲ್ಕನೇ ಒಂದು ಪಾಲಿಗೂ ಕಡಿಮೆ. ಮೋಟರ್‌ಹೋಮ್ ಮಾಲೀಕ ತನ್ನ ಟ್ಯಾಂಕನ್ನು ಎಷ್ಟೇ ಜೋಪಾನ ಮಾಡಿದರೂ ನೀರು ಮತ್ತು ಜೀವಿಗಳು ಬಂಕಿನ ಪೈಪಿನಿಂದಲೇ ಬರಬಹುದು ಎಂಬುದನ್ನು ಇದು ಸೂಚಿಸುತ್ತದೆ.

ಎಂಜಿನ್ನುಗಳೂ ಈ ನಡುವೆ ನಾಜೂಕಾದವು. 1997ರಲ್ಲಿ ಆಲ್ಫಾ ರೋಮಿಯೋ 156ರೊಂದಿಗೆ ಕಾರುಗಳಿಗೆ ಬಂದ ಕಾಮನ್ ರೈಲ್ ವ್ಯವಸ್ಥೆ ಇಂದು 2000 ಬಾರ್ ಆಸುಪಾಸಿನ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುತ್ತದೆ. ಇಂಜೆಕ್ಟರಿನೊಳಗೆ ಚಲಿಸುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ಆ ಸಂದಿಗೆ ಜಾರುವಿಕೆ ಕೊಡುವುದು ಡೀಸೆಲ್ಲೇ. ಅಲ್ಲಿಗೆ ನೀರು ಹೊಕ್ಕರೆ ಜಾರುವಿಕೆ ತಪ್ಪಿ ಲೋಹ ಸವೆಯುತ್ತದೆ, ತುಕ್ಕು ಹಿಡಿಯುತ್ತದೆ. ಹಳೆಯ ಎಂಜಿನ್ನುಗಳು ಸಹಿಸಿಕೊಂಡು ಹೋಗುತ್ತಿದ್ದಷ್ಟು ಕೊಳೆ ಹೊಸದನ್ನು ನಿಲ್ಲಿಸಿಬಿಡುತ್ತದೆ.

ನೀರು ಬರುವ ದಾರಿಗಳಲ್ಲಿ ಹೆಚ್ಚು ಚರ್ಚೆಯಾಗುವುದು ಗಾಳಿಯ ತೇವ. ಟ್ಯಾಂಕು ಹಗಲು ಬಿಸಿಯಾದಾಗ ಗಾಳಿಯನ್ನು ಹೊರಗೆ ತಳ್ಳಿ, ರಾತ್ರಿ ತಣಿದಾಗ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. 300 ಲೀಟರಿನ ಟ್ಯಾಂಕು ಅರ್ಧ ಖಾಲಿ ಇದ್ದರೆ ಒಳಗಿರುವುದು 150 ಲೀಟರ್ ಗಾಳಿ. ಹಗಲು ರಾತ್ರಿಗೆ 15 ಡಿಗ್ರಿ ವ್ಯತ್ಯಾಸ ಬಂದರೆ ದಿನಕ್ಕೆ ಹೆಚ್ಚೆಂದರೆ 8 ಲೀಟರ್ ಗಾಳಿ ಅದಲುಬದಲಾಗುತ್ತದೆ. 20 ಡಿಗ್ರಿಯಲ್ಲಿ ಪೂರ್ತಿ ತೇವಗೊಂಡ ಗಾಳಿಯ ಒಂದು ಘನಮೀಟರಿನಲ್ಲಿ 17 ಗ್ರಾಂ ನೀರಿರುತ್ತದೆ. ಆ ಲೆಕ್ಕದಲ್ಲಿ ದಿನಕ್ಕೆ ಸೇರುವುದು ಒಂದು ಗ್ರಾಮಿನ ಏಳನೇ ಒಂದು ಪಾಲು, ಆರು ತಿಂಗಳಿಗೆ ಸುಮಾರು 25 ಗ್ರಾಂ. ಚಳಿಗಾಲದ ಒಣ ಗಾಳಿಯಲ್ಲಿ ಇದೂ ಕಡಿಮೆ. ಬಕೆಟುಗಟ್ಟಲೆ ನೀರು ಗಾಳಿಯಿಂದಲೇ ಬಂತು ಎಂಬುದು ಹಾಗಾಗಿ ನಂಬುವ ಮಾತಲ್ಲ. ಆದರೆ ಆ 25 ಗ್ರಾಂ ನೀರು ಒಂದು ಮಿಲಿಮೀಟರ್ ದಪ್ಪಕ್ಕೆ ಹರಡಿದರೂ ಎರಡು ಅಂಚೆ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟಷ್ಟು ಜಾಗ ಹಿಡಿಯುತ್ತದೆ, ಜೀವಿಗಳಿಗೆ ಅಷ್ಟು ಬೇಕಾದಷ್ಟಾಯಿತು. ಇದಕ್ಕಿಂತ ಹೆಚ್ಚು ನೀರು ಬರುವುದು ಸವೆದ ಮುಚ್ಚಳದಿಂದ. ರಬ್ಬರ್ ರಿಂಗು ಬಿರುಕುಬಿಟ್ಟ ಮುಚ್ಚಳದ ಮೂಲಕ ಮಳೆ ನೀರೂ ಗಾಡಿ ತೊಳೆದ ನೀರೂ ಸದ್ದಿಲ್ಲದೆ ಒಳಗಿಳಿಯುತ್ತವೆ.

ಬೆಳವಣಿಗೆ ಶುರುವಾದ ಮೇಲೆ ತಳದಲ್ಲಿ ನಡೆಯುವುದು ಒಂದೇ ಜೀವಿಯ ಕೆಲಸವಲ್ಲ. ಬೂಷ್ಟಿನ ಎಳೆಗಳು ಹೆಣೆದುಕೊಂಡು ಚಾಪೆಯಾಗುತ್ತವೆ. ಸ್ಯೂಡೋಮೋನಾಸ್‌ನಂಥ ಬ್ಯಾಕ್ಟೀರಿಯಾಗಳು ಅಂಟು ಸ್ರವಿಸಿ ಆ ಚಾಪೆಯನ್ನು ಗೋಡೆಗೆ ಹಿಡಿಸುತ್ತವೆ, ಇದ್ದ ಆಮ್ಲಜನಕವನ್ನೂ ಮುಗಿಸುತ್ತವೆ. ಆಮ್ಲಜನಕ ಮುಗಿದ ಅಡಿಪದರದಲ್ಲಿ ಸಲ್ಫೇಟನ್ನು ಉಸಿರಾಡುವ ಬ್ಯಾಕ್ಟೀರಿಯಾಗಳು ಏಳುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅವುಗಳದೇ. ಇವೆಲ್ಲ ಬಿಡುವ ಆಮ್ಲ ಉಕ್ಕಿನ ಟ್ಯಾಂಕಿನಲ್ಲಿ ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ. ಪ್ಲಾಸ್ಟಿಕ್ ಟ್ಯಾಂಕಿಗೆ ತುಕ್ಕಿನ ಭಯವಿಲ್ಲ, ಲೋಳೆಯ ಭಯ ಮಾತ್ರ ಅಷ್ಟೇ ಇದೆ. ಗಾಡಿ ನಿಂತಿರುವವರೆಗೆ ಹೊರಗೆ ಏನೂ ತಿಳಿಯುವುದಿಲ್ಲ. ಋತುವಿನ ಮೊದಲ ಪ್ರಯಾಣದಲ್ಲಿ ಟ್ಯಾಂಕು ಕುಲುಕಿ ಲೋಳೆ ಮೇಲೆದ್ದಾಗ, ಏರು ರಸ್ತೆಯಲ್ಲಿ ಎಂಜಿನ್ ಬಲ ಕಳೆದುಕೊಳ್ಳುತ್ತದೆ. ಬಿಚ್ಚಿ ನೋಡಿದರೆ ಫಿಲ್ಟರಿನ ಮಡಿಕೆಗಳ ನಡುವೆ ಬೆರಳಿಗೆ ಜಾರುವ ಕಪ್ಪು ಅಂಟು.

ಗುಣಪಡಿಸುವುದಕ್ಕಿಂತ ತಡೆಯುವುದು ಇಲ್ಲಿ ಎಷ್ಟೋ ಅಗ್ಗ, ಮತ್ತು ತಡೆಯೆಂದರೆ ಮೊದಲಿಗೆ ನೀರನ್ನು ದೂರವಿಡುವುದೇ. ನಿಲ್ಲಿಸುವ ಮುನ್ನ ಟ್ಯಾಂಕನ್ನು ಹೆಚ್ಚುಕಡಿಮೆ ತುಂಬಿಸಿದರೆ ಉಸಿರಾಡುವ ಗಾಳಿಗೆ ಜಾಗ ಉಳಿಯುವುದಿಲ್ಲ. ಕಂಠಮಟ್ಟ ತುಂಬಿಸಬಾರದು, 300 ಲೀಟರ್ ಡೀಸೆಲ್ 20 ಡಿಗ್ರಿ ಬಿಸಿಯಾದರೆ ಸುಮಾರು 5 ಲೀಟರ್ ಹಿಗ್ಗುತ್ತದೆ. ಗಿರಾಕಿ ಹೆಚ್ಚಿರುವ ಬಂಕಿನಲ್ಲಿ ಡೀಸೆಲ್ ಹಳೆಯದಾಗುವುದಿಲ್ಲ. ಟ್ಯಾಂಕರ್ ಬಂದು ಇಳಿಸುತ್ತಿರುವಾಗ ತಳದ ನೀರು ಕದಡಿರುವುದರಿಂದ ಆ ಹೊತ್ತಿನಲ್ಲಿ ತುಂಬಿಸದಿರುವುದು ಲೇಸು. ಮುಚ್ಚಳದ ರಬ್ಬರ್ ರಿಂಗು ಬದಲಿಸಲು ತಗಲುವ ಖರ್ಚು ಅತ್ಯಲ್ಪ.

ಎರಡನೆಯದು, ಬಂದ ನೀರನ್ನು ಆಗಾಗ ಹೊರತೆಗೆಯುವುದು. ಅಮೆರಿಕದ ದೊಡ್ಡ ಗಾಡಿಗಳಲ್ಲಿ ಫಿಲ್ಟರಿನ ಕೆಳಗೆ ನೀರು ಬೇರ್ಪಡಿಸುವ ಪಾರದರ್ಶಕ ಬಟ್ಟಲು, ಅದರ ತಳದಲ್ಲಿ ಸಣ್ಣ ನಲ್ಲಿ ಇರುತ್ತದೆ. ಗಾಡಿ ಒಂದು ರಾತ್ರಿ ನಿಂತ ಮೇಲೆ ಬೆಳಿಗ್ಗೆ ಅಲ್ಲಿಂದ ಒಂದಿಷ್ಟನ್ನು ಗಾಜಿನ ಸೀಸೆಗೆ ಇಳಿಸಿ ಬೆಳಕಿಗೆ ಹಿಡಿದರೆ ಸ್ಥಿತಿ ಗೊತ್ತಾಗುತ್ತದೆ. ಒಳ್ಳೆಯ ಡೀಸೆಲ್ ಪನ್ನೀರಿನಂತೆ ತಿಳಿಯಾಗಿ, ತೆಳು ಹಳದಿಯಾಗಿ ಹೊಳೆಯುತ್ತದೆ. ಅದು ಮಂಜುಗಟ್ಟಿದ್ದರೆ ನೀರು ಬೆರೆತಿದೆ. ತಳದ ನೀರಿಗೂ ಎಣ್ಣೆಗೂ ನಡುವೆ ಕಂದು ಪೊರೆಯೊಂದು ತೇಲುತ್ತಿದ್ದರೆ ಜೀವಿಗಳು ಬೇರೂರಿವೆ.

ಮೂರನೆಯದಾಗಿ ಜೀವನಾಶಕ ಬರುತ್ತದೆ, ಬರಬೇಕಾದದ್ದೂ ಕೊನೆಗೇ. ಐಸೋಥಯಾಜೋಲಿನೋನ್, ಆಕ್ಸಜೋಲಿಡಿನ್, ಬೋರಾನ್ ಇರುವ ಡಯಾಕ್ಸಾಬೋರಿನೇನ್ ಮುಂತಾದವು ಹೆಚ್ಚಾಗಿ ಬಳಕೆಯಲ್ಲಿವೆ. ಇವು ಎಣ್ಣೆಯಲ್ಲಿ ಹರಡಿ ನೀರಿಗೂ ಇಳಿಯಬೇಕು, ಇಲ್ಲವಾದರೆ ಕೆಲಸವಿಲ್ಲ. ಮುನ್ನೆಚ್ಚರಿಕೆಗೆ ಕಡಿಮೆ ಪ್ರಮಾಣ, ರೋಗ ಹಿಡಿದ ಟ್ಯಾಂಕಿಗೆ ಹೆಚ್ಚು. ಡಬ್ಬಿಯ ಮೇಲೆ ಬರೆದಿರುವುದನ್ನು ಮೀರುವುದು ಅಪಾಯವೆಂಬುದಕ್ಕೆ 2020ರ ಫೆಬ್ರುವರಿಯ ಘಟನೆಯೊಂದೇ ಸಾಕು. ನಿರ್ವಹಣೆಯ ವೇಳೆ ಸೂಚಿತ ಪ್ರಮಾಣದ ಸುಮಾರು 38 ಪಟ್ಟು ಜೀವನಾಶಕ ಸೇರಿದ್ದ ಏರ್‌ಬಸ್ ಎ321 ವಿಮಾನವೊಂದು ಲಂಡನ್ನಿನ ಗ್ಯಾಟ್ವಿಕ್‌ನಿಂದ ಮೇಲೇರುತ್ತಿದ್ದಂತೆ ಅದರ ಎರಡೂ ಎಂಜಿನ್ನುಗಳಲ್ಲಿ ತೊಂದರೆ ಕಾಣಿಸಿಕೊಂಡು, ಕೆಲವೇ ನಿಮಿಷಗಳಲ್ಲಿ ಹಿಂದಿರುಗಿ ಇಳಿಯಬೇಕಾಯಿತು. ಪಿಪಿಎಂ ಲೆಕ್ಕವನ್ನು ತಪ್ಪಾಗಿ ಮಾಡಿದ್ದೇ ಅದಕ್ಕೆ ಮೂಲ. ಈ ಜೀವನಾಶಕಗಳು ಮನುಷ್ಯರ ಚರ್ಮಕ್ಕೂ ಕಣ್ಣಿಗೂ ವಿಷವಾದ್ದರಿಂದ ಕೈಗವಸು ಬೇಕೇ ಬೇಕು. ಜೀವನಾಶಕ ಬೆರೆತ ತಳದ ನೀರನ್ನು ಚರಂಡಿಗೆ ಸುರಿಯುವಂತಿಲ್ಲ.

ಮದ್ದು ಜೀವಿಗಳನ್ನು ಕೊಲ್ಲುತ್ತದೆ, ಹೆಣಗಳನ್ನು ಕರಗಿಸುವುದಿಲ್ಲ. ಸತ್ತ ಲೋಳೆ ಗೋಡೆಯಿಂದ ಕಳಚಿ ಒಂದೇ ಸಮನೆ ಫಿಲ್ಟರಿಗೆ ಬರುವುದರಿಂದ ಮದ್ದು ಹಾಕಿದ ನಂತರದ ಪ್ರಯಾಣಗಳಲ್ಲೇ ಗಾಡಿ ಹೆಚ್ಚು ಸಲ ನಿಲ್ಲುವುದು; ಒಂದೆರಡು ಫಿಲ್ಟರ್ ಜೊತೆಗಿರಬೇಕು. ನೀರನ್ನು ಡೀಸೆಲ್‌ನಲ್ಲೇ ಬೆರೆಸಿ ಸುಟ್ಟುಬಿಡುವ ಆಲ್ಕೋಹಾಲ್ ಜಾತಿಯ ದ್ರಾವಣಗಳೂ ಮಾರುಕಟ್ಟೆಯಲ್ಲಿವೆ. ಹಳೆಯ ಎಂಜಿನ್ನಿಗೆ ನಡೆದೀತು, ಕಾಮನ್ ರೈಲ್ ಇಂಜೆಕ್ಟರಿಗೆ ಅದು ನೀರನ್ನು ಕೈಯಾರೆ ಒಯ್ದು ಕೊಟ್ಟಂತೆ.

ಲೋಳೆ ಹೆಚ್ಚಾಗಿದ್ದರೆ ಟ್ಯಾಂಕನ್ನು ತೊಳೆಯದೆ ವಿಧಿಯಿಲ್ಲ. ಮಟ್ಟಮಾಪಕ ಕೂರಿಸಿದ ಕಿಂಡಿಯ ಮೂಲಕ ಕೊಳವೆ ಇಳಿಸಿ, ತಳದ ನೀರು ಮತ್ತು ಗಸಿಯನ್ನು ಮೊದಲು ಹೀರಿ ತೆಗೆಯಬೇಕು. ಆಮೇಲೆ ಡೀಸೆಲ್ಲನ್ನು ಹೊರಗಿನ ಫಿಲ್ಟರುಗಳ ಮೂಲಕ ರಭಸವಾಗಿ ಸುತ್ತಿಸಿ, ಮರಳುವ ಧಾರೆಯಿಂದ ಗೋಡೆಗಳನ್ನು ತೊಳೆಯಬೇಕು. ಟ್ಯಾಂಕಿನಿಂದಲೇ ಡೀಸೆಲ್ ಎಳೆದುಕೊಳ್ಳುವ ಹೀಟರು ಮತ್ತು ಜನರೇಟರುಗಳ ಸಣ್ಣ ಕೊಳವೆ, ಸಣ್ಣ ಫಿಲ್ಟರುಗಳನ್ನು ಈ ಗಡಿಬಿಡಿಯಲ್ಲಿ ಮರೆತರೆ ಸೋಂಕು ಅಲ್ಲಿಯೇ ಉಳಿಯುತ್ತದೆ.

ಕರ್ನಾಟಕದಲ್ಲಿ ಮೋಟರ್‌ಹೋಮ್ ಅಪರೂಪವಾದರೂ ಈ ವಿದ್ಯೆ ಬೇಕಾಗುವ ಟ್ಯಾಂಕುಗಳಿಗೆ ಕೊರತೆಯಿಲ್ಲ. ಅಪಾರ್ಟ್‌ಮೆಂಟು, ಆಸ್ಪತ್ರೆ, ಕಚೇರಿಗಳ ಜನರೇಟರುಗಳು ಕರೆಂಟು ಹೋಗದ ತಿಂಗಳುಗಳಲ್ಲಿ ಡೀಸೆಲ್ ತುಂಬಿಕೊಂಡು ಸುಮ್ಮನೆ ನಿಂತಿರುತ್ತವೆ. ಬೂಷ್ಟಿಗೆ ಹಿತವಾದ 25-30 ಡಿಗ್ರಿ ಬಿಸಿ ಇಲ್ಲಿ ವರ್ಷದ ಬಹುಕಾಲ ಸಿಗುತ್ತದೆ, ಮಳೆಗಾಲದ ತೇವವೂ ಜೊತೆಗಿದೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ರೊಳಗೆ ಡೀಸೆಲ್‌ನಲ್ಲಿ ಶೇ 5 ಬಯೋಡೀಸೆಲ್ ಬೆರೆಸುವ ಗುರಿ ಇಟ್ಟುಕೊಂಡಿದೆ. ಜನರೇಟರನ್ನು ತಿಂಗಳಿಗೊಮ್ಮೆ ಓಡಿಸಿ ನೋಡುವ ಸಿಬ್ಬಂದಿ ಟ್ಯಾಂಕಿನ ತಳದ ನಲ್ಲಿಯಿಂದ ಒಂದು ಸೀಸೆ ಡೀಸೆಲ್ ಇಳಿಸಿ ನೋಡುವುದನ್ನೂ ಅದೇ ದಿನದ ಕೆಲಸಕ್ಕೆ ಸೇರಿಸಿಕೊಳ್ಳಬಹುದು.