ಗೆಳೆಯನ ಶಿಫಾರಸು

ಯಾವುದನ್ನು ಓದಬೇಕು, ಯಾವುದನ್ನು ನೋಡಬೇಕು ಎಂದು ತಿಳಿಸುವ ಗೆಳೆಯನ ಸ್ಥಾನಕ್ಕೆ ಇಂದು ಮೊಬೈಲ್ ಬಂದು ಕುಳಿತಿದೆ. ನಾವು ಏನನ್ನು ಎಷ್ಟು ಹೊತ್ತು ನೋಡಿದೆವೆಂದು ಲೆಕ್ಕವಿಟ್ಟು ಯೂಟ್ಯೂಬ್ ಅಂಥದ್ದನ್ನೇ ಮತ್ತೆ ಮುಂದಿಡುತ್ತದೆ. ಕಾಸರಗೋಡಿನ ಕನ್ನಡಿಗನಿಗೆ ಇದಿಷ್ಟೇ ಸಾಲದು. ಗೋವಿಂದ ಪೈಗಳ ಕುರಿತ ಉಪನ್ಯಾಸ, ಒಳ್ಳೆಯ ತಾಳಮದ್ದಳೆ, ಕನ್ನಡ ಅಧ್ಯಾಪಕ ಹುದ್ದೆಗೆ ಕೇರಳ ಪಿ.ಎಸ್.ಸಿ.ಯ ಪ್ರಕಟಣೆ, ಇವುಗಳಲ್ಲಿ ಯಾವುದು ಯಾರಿಗೆ ಬೇಕೆಂದು ಬಲ್ಲವನು ಗೆಳೆಯನೇ.

ಆದರೆ ಕಳುಹಿಸಿದ್ದೆಲ್ಲ ಶಿಫಾರಸಾಗದು. ವದಂತಿ ಹಬ್ಬಿ ಕೊಲೆಗಳೇ ನಡೆದ ಮೇಲೆ, 2018ರಲ್ಲಿ ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ದಾಟಿಸಬಹುದೆಂದು ಮಿತಿ ಹಾಕಿತು. ತಾನು ಪೂರ್ತಿ ಓದಿ, ನಿಜವೆಂದು ಖಚಿತಪಡಿಸಿಕೊಂಡು, ಬೇಕಾದವನಿಗೆ ಕಳುಹಿಸುವವನೇ ಗೆಳೆಯ. ಗಡಿನಾಡಿನ ಕನ್ನಡಕ್ಕೆ ಅಂಥವರು ಬೇಕಾಗಿದ್ದಾರೆ.