ಗಣಿ ಮುಚ್ಚಿದ ಮೇಲಿನ ಕಲಿಕೆ

ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದಾಗ, ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬಂಡೆ ಕೊರೆದು, ಸಿಡಿಮದ್ದು ತುಂಬಿ, ಅದಿರನ್ನು ಮೇಲೆತ್ತುವುದನ್ನು ತಲೆಮಾರುಗಳಿಂದ ಬಲ್ಲ ಕಾರ್ಮಿಕರ ಕೌಶಲಕ್ಕೆ ಆ ಊರಿನಲ್ಲಿ ಬೇಡಿಕೆಯೇ ಇಲ್ಲವಾಯಿತು. ಉದ್ಯಮಗಳ ಪುನಾರಚನೆಯಲ್ಲಿ ಕೆಲಸ ಕಳೆದುಕೊಳ್ಳುವವರಿಗೆಂದು ಕೇಂದ್ರ ಸರ್ಕಾರ 1992ರಲ್ಲಿ ರಾಷ್ಟ್ರೀಯ ನವೀಕರಣ ನಿಧಿಯನ್ನು ಸ್ಥಾಪಿಸಿತ್ತಾದರೂ, ಅದರ ಬಹುಪಾಲು ಹಣವು ಸ್ವಯಂ ನಿವೃತ್ತಿ ಪರಿಹಾರಕ್ಕೆ, ಅಂದರೆ ಕೆಲಸ ಬಿಡಲು ಒಪ್ಪಿದವರಿಗೆ ನೀಡುವ ಇಡುಗಂಟಿಗೆ, ವ್ಯಯವಾಗಿ ಮರುತರಬೇತಿಗೆ ಅಲ್ಪಭಾಗವಷ್ಟೇ ದೊರೆಯಿತು. ಇದು ನಿಜಕ್ಕೂ ದೊಡ್ಡ ಲೋಪ. ಏಕೆಂದರೆ ಇಡುಗಂಟು ಸಾಲ ತೀರಿಸುವುದರಲ್ಲಿ, ಮದುವೆ ಮಾಡಿಸುವುದರಲ್ಲಿ ಕರಗುತ್ತದೆ, ಕಲಿತ ಕಸುಬು ಕರಗುವುದಿಲ್ಲ.

ನಿರುದ್ಯೋಗಿ ಯುವಜನರಿಗಾಗಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡನೆ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯು ಬೇರೊಂದು ದಾರಿ ತೋರಿಸಿತು. ಉಚಿತ ಊಟ, ವಸತಿಯೊಡನೆ ಅಲ್ಪಾವಧಿಯ ತರಬೇತಿ ನೀಡಿ, ಬಳಿಕ ಬ್ಯಾಂಕ್ ಸಾಲ ದೊರಕಿಸಲು ನೆರವಾಗಿ, ಕಸುಬು ನೆಲೆಗೊಳ್ಳುವವರೆಗೆ ಕಲಿತವರನ್ನು ವಿಚಾರಿಸಿಕೊಳ್ಳುವ ಈ ಕ್ರಮವು ಮುಂದೆ ದೇಶದ ಜಿಲ್ಲೆಜಿಲ್ಲೆಗಳ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿಗೆ ಮಾದರಿಯಾಯಿತು. ನಡುವಯಸ್ಸಿನಲ್ಲಿ ಹೊಸ ಕಸುಬಿಗಿಳಿಯುವ ಗಣಿ ಕಾರ್ಮಿಕನಿಗೂ ಇಂಥದ್ದೇ ಆಸರೆ ಮನೆಯ ಹತ್ತಿರ ಬೇಕಿತ್ತು. ಆದರೆ ಕೋಲಾರದ ಆ ಗಣಿ ಊರಿನ ಸಾವಿರಾರು ಮಂದಿ ಇಂದಿಗೂ ಕೆಲಸಕ್ಕಾಗಿ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿಬರುತ್ತಾರೆ.